ಅತ್ತಿಯವರ ಚಪ್ಪಲಿ ಮತ್ತ ವಿಗಾನಿನ ಶನಿ

ನಮ್ಮ ಅತ್ತಿಯವರನ್ನ ಕರಕೊಂಡು ಎಲ್ಲೇ ಹೋಗ್ರಿ, ಏನರ ಒಂದು ಆಗದ ವಾಪಸ್ ಬಂದದ್ದು ನನಗಂತೂ ನೆನಪಿಲ್ಲ. ಧಾರವಾಡದಿಂದ ಅವರು ಜರ್ಮನಿಯ ಫೊಯರ್‌ಬಾಕ್‌ಗೆ ನಮ್ಮ ಮನಿಗೆ ಬಂದಾಗ, ಮ್ಯಾಲಿನ ಮನಿ ಫಿಲಿಪೈನ್ಸ್ ನರ್ಸ್ ಕರದ್ಲು: "ರಜಾಕ್ಕ ನಮ್ಮೂರಿಗೆ ಬರ್ರಿ. ಸಮುದ್ರದ ದಂಡಿ, ಸ್ಪೇನ್‌ನವರ ಕಾಲದ ಚರ್ಚು, ಎಲ್ಲಾ ತೋರಸ್ತೀನಿ."

ನಮ್ಮನಿಯವರು ರಾಗಾ ಎಳದ್ರು. ವಾಪಸ್ ಬಂದ ಮ್ಯಾಲೆ ಅವರದು ಡ್ರೈವಿಂಗ್ ಟೆಸ್ಟ್ ಇತ್ತು. ಇವರು ಕಾರಿನ ಬ್ರೇಕ್ ಮಾಡೋ ಎಂಜಿನಿಯರ್. ಊರ ಮಂದಿ ಕಾರು ನಿಲ್ಲಸ್ತಾರ, ತಾವು ಮಾತ್ರ ಝೀಬ್ರಾ ಪಟ್ಟಿ ಮುಂದ ನಿಲ್ಲಲಿಲ್ಲ ಅಂತ ಎರಡು ಸಲ ಫೇಲು! ಈ ಸಲಾನೂ ಫೇಲಾದ್ರ ಪ್ರಮೋಷನ್‌ಗೆ ಎಳ್ಳುನೀರು.

"ಅವಂಗ ಸಾಡೇಸಾತಿ ನಡದದ," ಅಂದ್ರು ಅತ್ತಿ. "ದೇವರ ದರ್ಶನ ಆಗ್ಲಿ. ಯಾವ ದೇವರಾದ್ರೇನು?"

ಟಾಂಗಾ

ನರ್ಸಿನ ಊರು ವಿಗಾನ್ ಅಂದ್ರ ಕಲ್ಲು ಹಾಸಿದ ಓಣಿ, ದೊಡ್ಡ ದೊಡ್ಡ ಹಳೇ ಮನಿ, ಓಡಾಡ್ಲಿಕ್ಕೆ ಟಾಂಗಾ. ಟಾಂಗಾದವ ಎದಿ ಉಬ್ಬಿಸಿ, "ಇವೆಲ್ಲಾ ನೂರಾರು ವರ್ಷದ್ದು," ಅಂದ.

ಅತ್ತಿ ಬಿಡ್ತಾರೇನು? "ನಮ್ಮ ಐಹೊಳಿ ಗುಡಿ ಮುಂದ ಇವು ನಿನ್ನೆ ಮೊನ್ನೆ ಹುಟ್ಟಿದ ಕೂಸು. ಆದ್ರ ಖರೇ ಹೇಳ್ತೀನಿ, ನಮಗಿಂತ ಛಂದ ಇಟಗೊಂಡಾರ," ಅಂತ ಶುರು ಮಾಡಿದವರು ಓಣಿ ಮುಗಿಯೋತನಕ ಮಾತಾಡಿದ್ರು.

"ಏನಂತಾರ?" ಅಂತ ಟಾಂಗಾದವ ಕೇಳಿದ.

"ವೆರಿ ನೈಸ್ ಅಂತಾರ," ಅಂದ್ರು ನಮ್ಮನಿಯವರು.

ಅತ್ತಿ ಮಗನ್ನ ದಿಟ್ಟಿಸಿ ನೋಡಿದ್ರು. "ನಾ ಅಷ್ಟುದ್ದ ಮಾತಾಡಿದ್ದು ಇಷ್ಟೇನೋ?"

ಪ್ರದಕ್ಷಿಣಿ

ಮರುದಿನ ಒಂದು ದೊಡ್ಡ ಚರ್ಚಿಗೆ ಹೋದ್ವಿ. ಭೂಕಂಪಕ್ಕ ಬೀಳಬಾರದು ಅಂತ ಅದರ ಗೋಡಿಗೆ ಆನಿಯಂಥಾ ಕಲ್ಲಿನ ಆಸರ ಕೊಟ್ಟಾರ. ಅತ್ತಿ ಬಾಗಲದಾಗ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಕೈ ಮುಗಕೋತ ಚರ್ಚಿನ ಸುತ್ತ ಪ್ರದಕ್ಷಿಣಿ ಹೊಂಟ್ರು. ತಿರುಗಿ ನೋಡಿದ್ರ ಹಿಂದ ಡ್ರೆಸ್ಡೆನ್‌ನಿಂದ ಬಂದ ಟೂರಿಸ್ಟ್ ಗುಂಪು! ನೋಡೋ ಪದ್ಧತಿನ ಹಿಂಗ ಇರಬೇಕು ಅಂತ ಅವರೂ ಬೂಟು ಬಿಚ್ಚಿ ಸಾಲಾಗಿ ಬರ್ಲಿಕ್ಕೆ ಹತ್ತಿದ್ರು.

ಮುಗದ ಮ್ಯಾಲೆ ಅವರೊಳಗೊಬ್ಬಾಕಿ ನನ್ನ ಕೇಳಿದ್ಲು: "ಈ ಗೈಡ್ ಮುಂದಿನ ಚರ್ಚಿಗೂ ಬರ್ತಾರೇನು?"

ಶನಿ

ಬಾಗಲಕ್ಕ ಬಂದ್ರ ಎಲ್ಲಾರ ಬೂಟು ಅವ, ಅತ್ತಿ ಚಪ್ಪಲಿ ಇಲ್ಲ. ಅತ್ತಿ ಕುಣಿಯೋದೊಂದ ಬಾಕಿ. "ದೇವರ ಮುಂದ ಚಪ್ಪಲಿ ಹೋತು ಅಂದ್ರ ಶನಿ ಬಿಡ್ತು! ಇನ್ನ ನನ್ನ ಮಗ ಪಾಸ್!"

ನರ್ಸ್ ಮಾತ್ರ ಅಳೋಹಂಗ ಆದ್ಲು. ಅವರೂರಿಗೆ ಬಂದ ಅತಿಥಿ ಚಪ್ಪಲಿ ಕಳೀಬೇಕಂದ್ರೇನು? ಪಾದ್ರಿ ಮೈಕಿನಾಗ ಹೇಳಿದ್ರು. ಊರಿಗೆ ಊರ ಹುಡುಕ್ತು. ಸಂಜೀಕ ಟಾಂಗಾದವ, ನಾಯಿ ಎಳಕೊಂಡು ಹೋಗಿದ್ದ ಚಪ್ಪಲಿ ತೊಳದು ಒರಸಿ ತಂದು, "ನಮ್ಮೂರಾಗ ಏನೂ ಕಳಿಯೂದಿಲ್ಲ!" ಅಂದ. ಎಲ್ಲಾರೂ ಚಪ್ಪಾಳಿ ಹೊಡದ್ರು.

ಅಂಥಾ ಮಂದಿಗೆ ಏನನ್ನಬೇಕು? ಅತ್ತಿ ಅವನ ತಲಿ ಮ್ಯಾಲೆ ಕೈ ಇಟ್ಟು ಆಶೀರ್ವಾದ ಮಾಡಿದ್ರು. ಆಮ್ಯಾಲೆ ನನ್ನ ಕಿವಿಯಾಗ, "ಬಿಟ್ಟ ಶನಿ ಟಾಂಗಾ ಹತ್ತಿ ಬಂತಲ್ಲ," ಅಂದ್ರು.

ಫೊಯರ್‌ಬಾಕ್

ಟೆಸ್ಟ್ ದಿವಸ ಮುಂಜಾನೆ ಅತ್ತಿ ನನ್ನ ಎಳಕೊಂಡು ನಮ್ಮ ಓಣಿ ಚರ್ಚಿಗೆ ಹೋದ್ರು. ಮೆಟ್ಟಿಲ ಮ್ಯಾಲೆ ಚಪ್ಪಲಿ ಬಿಟ್ಟು, ರಸ್ತೆ ದಾಟಿ ಕಾಕೋತ ನಿಂತ್ರು. ಯಾರರ ಒಯ್ಯಲಿ ಅಂತ. ಒಬ್ಬ ಅಜ್ಜ ಬಂದ, ಚಪ್ಪಲಿ ಎತ್ತಿದ. ಅತ್ತಿ ಉಸಿರು ಹಿಡದ್ರು. ಆ ಪುಣ್ಯಾತ್ಮ ಇಲ್ಲಿಯವರ ಪದ್ಧತಿ ಪ್ರಕಾರ, ಕಳಕೊಂಡವರಿಗೆ ಕಾಣಲಿ ಅಂತ ಅವನ್ನ ಬೇಲಿಗೆ ತೂಗಹಾಕಿ ಹೋದ.

"ಈ ದೇಶದಾಗ ಒಬ್ಬ ಕಳ್ಳನೂ ಇಲ್ಲೇನ?" ಅಂತ ಅತ್ತಿ ಸಿಟ್ಟಿಲೇ ಬರಿಗಾಲಿಲೇ ಝೀಬ್ರಾ ಪಟ್ಟಿಗೆ ಇಳದ್ರು. ಅದ ಹೊತ್ತಿಗೆ ಡ್ರೈವಿಂಗ್ ಸ್ಕೂಲಿನ ಕಾರು ಬಂತು. ಒಳಗ ನಮ್ಮನಿಯವರು! ಅವ್ವನ್ನ ನೋಡಿ ಬ್ರೇಕ್ ತುಳದ್ರು ನೋಡ್ರಿ, ಕಾರು ಪಟ್ಟಿ ಮುಂದ ಅಲ್ಲಾಡದ ನಿಂತು ಬಿಡ್ತು. ಅತ್ತಿ ಚಪ್ಪಲಿ ಬೇಲಿ ಮ್ಯಾಲೇ ಬಿಟ್ಟು ಮನಿಗೆ ಬಂದ್ರು.

ಮಧ್ಯಾಹ್ನ ಮನಿಗೆ ಬಂದು, "ಅವ್ವಾ, ಪಾಸ್! ಮುದುಕಿ ಬಂದ್ರ ಎಷ್ಟು ಛಲೋ ನಿಲ್ಲಿಸಿದಿ ಅಂತ ಪರೀಕ್ಷಾದವರು ಹೊಗಳಿದ್ರು," ಅಂದ್ರು.

ಅತ್ತಿ ಕಣ್ಣಾಗ ನೀರು. "ನನ್ನ ಮಗನ ಬ್ರೇಕು ಅಂದ್ರ ಸುಮ್ನೇನ?" ಅಂತ ಮಗನ ಗಲ್ಲಾ ಸವರಿದ್ರು. ಆಮ್ಯಾಲೆ ಕಣ್ಣು ಒರಸಿಕೊಂಡು ಹೇಳಿದ್ರು:

"ಹಂಗಾರ ಈಗ ಕಾರ್ ತಗೊಂಡು ಹೋಗಿ ಬೇಲಿ ಮ್ಯಾಲಿನ ಚಪ್ಪಲಿ ತಗೊಂಡ್ಬಾ. ಇನ್ನೂ ಹೊಸಾವು ಅದಾವ."