ಅತ್ತಿಗೆ ಬ್ರೇಕ್ ಬದಲಿಸಿದ್ದು

ಕಾರು ಓಡುವುದು ದೊಡ್ಡ ಸಂಗತಿಯೇ ಅಲ್ಲ, ನಿಲ್ಲುವುದೇ ದೊಡ್ಡದು ಎಂದು ನಂಬಿರುವ ಒಬ್ಬರು ಕಾಪುವಿನಲ್ಲಿದ್ದಾರೆ. ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ. ನಮ್ಮ ಮಗಳನ್ನು ನೋಡಲು ಬಂದ ಹುಡುಗನ ಹತ್ತಿರ ಎಲ್ಲರೂ ಕೆಲಸ ವಿಚಾರಿಸಿದರೆ, ಇವರು ಕೇಳಿದ್ದು "ನಿಮ್ಮ ಬೈಕಿನ ಬ್ರೇಕ್ ಹೇಗುಂಟು?" ಎಂದು! ಪಾಪ, ಹುಡುಗ ಕಾಫಿ ಲೋಟವನ್ನೇ ಕೆಳಗಿಟ್ಟ.

ಕಾರ್ಕಳದಲ್ಲಿ ನೆಂಟರ ಗೃಹಪ್ರವೇಶ. ನಾನೂ ಅತ್ತಿಗೆಯೂ ಹೊರಡಬೇಕು ಎನ್ನುವಾಗ ನಮ್ಮ ಕಾರು ಬ್ರೇಕ್ ಒತ್ತಿದಾಗಲೆಲ್ಲ ಕಿರ್ರೆಂದು ಕಿರುಚತೊಡಗಿತು.

"ಗ್ಯಾರೇಜಿಗೆ ಕೊಡುವಾ, ಅತ್ತಿಗೆ," ಎಂದೆ.

"ನಿನ್ನ ಹಲ್ಲನ್ನು ಬೇರೆಯವರ ಹತ್ತಿರ ಉಜ್ಜಿಸ್ತೀಯಾ?"

ಅತ್ತಿಗೆಯ ಗಂಡ, ತೀರಿಹೋದ ಭಾವ, ಟೆಂಪೋ ಓಡಿಸುತ್ತಿದ್ದರು. ರಿಪೇರಿಯೆಲ್ಲ ಅವರಿಂದಲೇ ಕಲಿತದ್ದು. ಅತ್ತಿಗೆ ಸೀರೆ ಎತ್ತಿ ಕಟ್ಟಿ ಅಂಗಳಕ್ಕೆ ಇಳಿದೇಬಿಟ್ಟರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಅದನ್ನೂ ನಂಬದೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಹಲಸಿನ ಮರ ಅಲುಗಿಸುವಂತೆ ಕಾರನ್ನೇ ಅಲುಗಿಸಿ ನೋಡಿದರು!

"ಸ್ಟ್ಯಾಂಡ್ ಬದಲು ಎರಡು ಕೆಂಪುಕಲ್ಲು ಇಟ್ಟರೆ ಸಾಲದಾ?" ಎಂದೆ.

"ಕೆಂಪುಕಲ್ಲು ಒಡೆದು ನಾನು ಸತ್ತರೆ ಹದಿಮೂರನೇ ದಿನದ ಪಾಯಸ ಮಾಡುವುದು ಯಾರು? ನೀನಾ? ಬಂದವರ ಗತಿ ಎಂತ ಮಾರಾಯ್ತಿ?"

ನನ್ನ ಪಾಯಸದ ಬಗ್ಗೆ ಅವರ ಅಭಿಪ್ರಾಯ ಮದುವೆಯಾದ ವರ್ಷದಿಂದಲೂ ಬದಲಾಗಿಲ್ಲ!

ಮುಂದಿನ ಚಕ್ರ ಕಳಚಿ ನೋಡಿದರೆ ಒಂದು ಕಡೆಯ ಬ್ರೇಕ್ ಪ್ಯಾಡ್ ಮಾತ್ರ ಸವೆದಿತ್ತು. ಆದರೂ ಎರಡೂ ಕಡೆ ಹೊಸದೇ ಹಾಕಿದರು. "ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿ ನಡೆಯಲಿಕ್ಕೆ ಆಗ್ತದಾ?" ಎಲ್ಲ ಬಿಗಿದ ಮೇಲೆ ಪೆಡಲ್ ಒತ್ತಿದರೆ, ಅಯ್ಯೋ, ಅದು ಸೀದಾ ತಳಕ್ಕೇ ಹೋಯಿತು! ನಾನು ಕಿರುಚಿದೆ. ಅವರು ನಕ್ಕರು. "ಹೊಸ ಪ್ಯಾಡ್ ಅಲ್ವಾ? ಪೆಡಲ್ ಗಟ್ಟಿಯಾಗುವ ತನಕ ಒತ್ತುತ್ತಾ ಇರಬೇಕು. ಹಾಗೇ ರಸ್ತೆಗಿಳಿದವರು ಗೋಡೆಗೆ ಹೋಗಿ ನಿಲ್ತಾರೆ." ಪೆಡಲ್ ಗಟ್ಟಿಯಾದ ಮೇಲೂ ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಒಬ್ಬರೇ ಅಂಗಳದಲ್ಲಿ ಮೆಲ್ಲಗೆ ಓಡಿಸಿ ನಿಲ್ಲಿಸಿ, ಮತ್ತೆ ಓಡಿಸಿ ನಿಲ್ಲಿಸಿ, ಕೊನೆಗೆ "ಈಗ ಬಾ" ಎಂದರು.

ಕಾರ್ಕಳ ಇನ್ನೇನು ಬಂತು ಎನ್ನುವಾಗ ಒಂದು ಕರು ಚಂಗನೆ ರಸ್ತೆಗೆ ಹಾರಿತು. ಅತ್ತಿಗೆ ಬ್ರೇಕ್ ಒತ್ತಿದರು. ಕಾರು ನಿಂತಿತು. ಕರು ನಮ್ಮನ್ನೊಮ್ಮೆ ನೋಡಿ ಬಾಲ ಎತ್ತಿಕೊಂಡು ಓಡಿತು.

ಆಮೇಲೆ ನೋಡಿದೆ, ಅತ್ತಿಗೆಯ ಎಡಗೈ ನನ್ನ ಎದೆಗೆ ಅಡ್ಡವಾಗಿ ಚಾಚಿಕೊಂಡಿತ್ತು, ಮಗು ಮುಂದಕ್ಕೆ ಬೀಳದಂತೆ ತಾಯಿ ಹಿಡಿಯುವ ಹಾಗೆ.

"ನಾನು ಬೆಲ್ಟ್ ಹಾಕಿದ್ದೇನೆ ಅತ್ತಿಗೆ."

"ಗೊತ್ತುಂಟು," ಎಂದರು. ಕೈ ತೆಗೆಯಲಿಲ್ಲ.

ಹಿಂದಿನ ಬಸ್ಸಿನವ ಹಾರ್ನ್ ಹಾಕುತ್ತಲೇ ಇದ್ದ. ಹಾಕಲಿ ಎಂದು ನಾನು ಆ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ.