ಡಿಸ್‌ಪ್ಲೇ ಕಾಣ್ತಿಲ್ಲ, ಬೇಗ ಬನ್ನಿ

ಮೈಕ್ರೋವೇವ್ ಓವನ್ನಿನ ಡಿಸ್‌ಪ್ಲೇ ಕೆಟ್ಟಿದೆ ಎಂದು ಫೋನು ಬಂದು ನಾನು ಹೋದರೆ, ಡಿಸ್‌ಪ್ಲೇ ಒಂದನ್ನು ಬಿಟ್ಟು ಆ ಮನೆಯ ಉಳಿದ ರಗಳೆಯೆಲ್ಲ ನನ್ನ ತಲೆಗೆ ಸುತ್ತಿಕೊಳ್ಳುತ್ತದೆ. ಇದು ಒಂದು ಸಲದ ಮಾತಲ್ಲ. ಎರಡು ಸಾವಿರದ ಇಸವಿಯ ಆಚೀಚೆ, ಗದಗಿನಲ್ಲಿ ಡಿಪ್ಲೊಮಾ ಮುಗಿಸಿ ವಡೋದರದ ಒಂದು ಸರ್ವಿಸ್ ಸೆಂಟರ್ ಸೇರಿದ್ದೆ. ಮಂಜಲ್‌ಪುರದಲ್ಲೊಂದು ಬಾಡಿಗೆ ಕೋಣೆ, ಸೂರತ್‌ನಿಂದ ಅಹಮದಾಬಾದಿನವರೆಗೆ ತಿರುಗಾಟ, ಆರು ತಿಂಗಳ ಪ್ರೊಬೇಷನ್. ಮ್ಯಾನೇಜರ್ ಮೊದಲ ದಿನವೇ ಹೇಳಿದ್ದರು: "ನೀನು ರಿಪೇರಿ ಮಾಡಿ ಬಂದ ಮನೆಯಿಂದ ಮತ್ತೆ ಕಂಪ್ಲೇಂಟ್ ಬಂದರೆ ರಿಜಿಸ್ಟರಿನಲ್ಲಿ ಕೆಂಪು ಗೆರೆ. ಮೂರು ಗೆರೆ ಬಿದ್ದರೆ ನಿನ್ನೂರಿನ ರೈಲು."

ಊರಿನಲ್ಲಿ ಅಪ್ಪ ಆಗಲೇ 'ಹುಡುಗ ಇಂಜಿನಿಯರ್' ಎಂದು ಸಾರಿ ನನಗೆ ಹೆಣ್ಣು ನೋಡಲು ಶುರುಮಾಡಿದ್ದರು. ವಾಪಸ್ ಹೋಗುವ ಹಾಗೇ ಇರಲಿಲ್ಲ.

೧. ಹೊಸದು ಹೊಸದಾಗಿಯೇ ಇರಲಿ

ಸೂರತ್‌ನ ಸೀರೆ ವ್ಯಾಪಾರಿಯೊಬ್ಬರ ಮನೆ. ಡಿಸ್‌ಪ್ಲೇಯ ಅಂಕಿಗಳು ಕಾಣುವುದೇ ಇಲ್ಲ ಎಂದು ದೂರು. ಹೋಗಿ ನೋಡಿದರೆ, ಕೊಂಡಾಗ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಮೂರು ವರ್ಷದ ಒಗ್ಗರಣೆ ಹೊಗೆ ಕುಡಿದು ಅರಿಶಿನ ಬಣ್ಣಕ್ಕೆ ತಿರುಗಿದೆ. ಉಗುರಿನಿಂದ ಅದರ ಮೂಲೆ ಎಬ್ಬಿಸಿದೆ. ಮನೆಯಾಕೆ ಓಡಿ ಬಂದರು.

"ಅರೆ ಭಾಯ್, ಅದನ್ನ ತೆಗೆದರೆ ಓವನ್ ಹಳೇದಾಗಲ್ವಾ?"

"ಅದು ಇರೋದರಿಂದಲೇ ಅಂಕಿ ಕಾಣ್ತಿಲ್ಲ, ಬೆಹನ್."

"ಅದಕ್ಕೇ ತಾನೇ ನಿಮ್ಮನ್ನ ಕರೆದಿದ್ದು? ಹಾಳೆಯ ಮೇಲಿಂದಲೇ ಕಾಣೋ ಹಾಗೆ ಮಾಡಿ."

ಸುತ್ತ ನೋಡಿದೆ. ಸೋಫಾಕ್ಕೆ ಪ್ಲಾಸ್ಟಿಕ್, ಟೀವಿ ರಿಮೋಟಿಗೆ ಪ್ಲಾಸ್ಟಿಕ್. ವಾದ ಮಾಡಿ ಪ್ರಯೋಜನವಿಲ್ಲವೆಂದು ಹಾಳೆಯನ್ನೇ ಒರೆಸಿ, ಯಜಮಾನರ ಮುಂದೆ ಸಹಿಗಾಗಿ ಸರ್ವಿಸ್ ಕಾರ್ಡು ಹಿಡಿದೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ಹುಡುಕಿದರು. ಕನ್ನಡಕದ ಗಾಜಿನ ಮೇಲೆ ಅಂಗಡಿಯವನ ಸ್ಟಿಕ್ಕರ್ ಇನ್ನೂ ಹಾಗೇ ಇತ್ತು.

"ಸಹಿ ಎಲ್ಲಿ ಹಾಕಬೇಕು? ಹೊಸ ಕನ್ನಡಕ, ಯಾಕೋ ಸರಿಯಾಗಿ ಕಾಣ್ತಿಲ್ಲ" ಎಂದರು.

೨. ನೆಲವೇ ಡೊಂಕು

ಹತ್ತು ದಿನಕ್ಕೆ ಸೂರತ್‌ನಿಂದ ಮತ್ತೆ ಫೋನು ಬಂತು, ಒಂದು ಗೆರೆ ಬಿತ್ತು. ಆಮೇಲೆ ಅಹಮದಾಬಾದ್. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯ ವಿಜ್ಞಾನಿ, ಹಾಸನದ ಕಡೆಯವರು. ಕನ್ನಡ ಕೇಳಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವರ ದೂರು: ಡಿಸ್‌ಪ್ಲೇಯ ಗಡಿಯಾರ ದಿನಾ ಹಿಂದೆ ಬೀಳುತ್ತದೆ.

ನಾನು ಸ್ಕ್ರೂಡ್ರೈವರ್ ತೆಗೆಯುತ್ತಿದ್ದ ಹಾಗೆ ಅವರು ಗ್ರಾಫ್ ಹಾಳೆ ತೆಗೆದರು. ಈ ಗಡಿಯಾರ ಕರೆಂಟಿನ ಆವರ್ತನ ಎಣಿಸಿಕೊಂಡು ಓಡುತ್ತದೆ, ಸೆಕೆಂಡಿಗೆ ಐವತ್ತು ಬರಬೇಕಾದದ್ದು ಕಡಿಮೆ ಬರುತ್ತಿದೆ, ಆದ್ದರಿಂದ ತಪ್ಪು ಓವನ್ನಿನದಲ್ಲ, ಕರೆಂಟಿನದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲ ನಿಜವಾಗಿಯೂ ಡೊಂಕು ಎಂದು ಒಂದೂವರೆ ಗಂಟೆ ಸಾಧಿಸಿ ತೋರಿಸಿದರು.

"ಎಲ್ಲಾ ನಿಮಗೇ ಗೊತ್ತೈತಲ್ರಿ ಸರ್. ಮತ್ತ ನನ್ನ ಯಾಕ್ ಕರೆಸಿದ್ರಿ?" ಎಂದೆ.

ಅವರು ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದರು. "ಏನ್ ಮಾಡೋದಪ್ಪ, ಮನೇಲಿ ಯಾರೂ ಕೂತು ಕೇಳಲ್ಲ."

ಖುಷಿಯಿಂದ ಸಹಿ ಹಾಕಿದರು. ಮುಂದಿನ ವಾರ ಗ್ರಾಫಿನ ಎರಡನೇ ಹಾಳೆ ತಯಾರಾಯಿತೆಂದು ಮತ್ತೆ ಕಂಪ್ಲೇಂಟ್ ಕೊಟ್ಟರು.

೩. ನಲವತ್ತೆಂಟು ನಿಮಿಷ

ಎರಡು ಗೆರೆ ಬಿದ್ದಿದ್ದವು. ಅಷ್ಟರಲ್ಲಿ ವಡೋದರದ ಗೋರ್ವಾದಿಂದ ಒಂದು ಜೈನರ ಮನೆಯ ಅಜ್ಜಿ ಫೋನು ಮಾಡಿದರು. ನಾನು ಅಲ್ಲಿ ಹೊಸ ಡಿಸ್‌ಪ್ಲೇ ಹಾಕಿ ಹದಿನೈದು ದಿನವೂ ಆಗಿರಲಿಲ್ಲ, ಆಗಲೇ ಮಂಜು ಕವಿದಂತಾಗಿದೆಯಂತೆ. ಆಫೀಸಿನಲ್ಲಿ ಫೋನು ತೆಗೆಯುವ ಹುಡುಗಿ ಕರುಣೆಯಿಂದ ಹೇಳಿದಳು: "ಸಂಜೆ ಆರರವರೆಗೆ ನಾನಿದನ್ನ ಬರೆಯಲ್ಲ. ಅಷ್ಟರಲ್ಲಿ ಸರಿಮಾಡಿ ಆ ಮನೆಯ ಅಜ್ಜಿಯ ಸಹಿ ತಗೊಂಡು ಬಾ."

ಮೂರು ಗಂಟೆಗೆ ಹೋದೆ. ಪಾರ್ಟು ಬಿಚ್ಚಿದೆ, ಒರೆಸಿದೆ, ಜೋಡಿಸಿದೆ. ಡಿಸ್‌ಪ್ಲೇ ಬೆಳಗಿತು, ಏನೂ ದೋಷವಿಲ್ಲ. ಸಹಿ ಕೇಳೋಣವೆಂದರೆ ನಾಲ್ಕಾಯಿತು. ಅಜ್ಜಿ ಬಿಳಿ ಸೀರೆ ಉಟ್ಟು, ಬಾಯಿಗೆ ಬಟ್ಟೆ ಹಿಡಿದು, ಚಾಪೆಯ ಮೇಲೆ ಸಾಮಾಯಿಕ ಧ್ಯಾನಕ್ಕೆ ಕೂತುಬಿಟ್ಟರು. ಸೊಸೆ ಒಂದು ದೊಡ್ಡ ಗಾಜಿನ ಪಾತ್ರೆಯಲ್ಲಿ ನೀರು ತುಂಬಿ ಓವನ್ನಿಗಿಟ್ಟು, ನಲವತ್ತೆಂಟು ನಿಮಿಷ ಒತ್ತಿ, ಮೇಲಿಂದ ಕಸೂತಿ ಬಟ್ಟೆ ಹೊದಿಸಿದರು.

"ಇದೇನು?" ಎಂದೆ.

"ಸಾಮಾಯಿಕ ನಲವತ್ತೆಂಟು ನಿಮಿಷ ಕೂರಬೇಕು. ಬೀಪ್ ಆದ ಮೇಲೇ ಅತ್ತೆ ಏಳೋದು. ಅವರು ಕಾಯಿಸಿದ ನೀರು ಮಾತ್ರ ಕುಡಿಯೋದು, ಅದೂ ಆಗುತ್ತೆ."

"ದಿನಾ ಹೀಗೇನಾ?"

"ದಿನಾ."

ರೋಗ ಸಿಕ್ಕಿತು. ದಿನಾ ಮುಕ್ಕಾಲು ಗಂಟೆ ಹಬೆ, ಗಾಳಿ ಹೋಗುವ ಕಿಂಡಿಗಳ ಮೇಲೆ ಕಸೂತಿ. ಪಾಪ, ಡಿಸ್‌ಪ್ಲೇ ಮಂಜಾಗದೆ ಇನ್ನೇನು? ಬಟ್ಟೆ ಎತ್ತಿಬಿಡೋಣವೆಂದು ಕೈ ಹಾಕಿದೆನೋ ಇಲ್ಲವೋ, ಅಂಕಿಗಳು ಪಟಪಟ ಮಿಣುಕಿ ಆರಿಹೋದವು. ಓವನ್ನಿನ ಗುಂಯ್‌ಗುಡುವ ಸದ್ದೂ ನಿಂತಿತು.

ಸೊಸೆಯ ಮುಖ ಬಿಳಿಚಿಕೊಂಡಿತು. "ಇನ್ನು ಬೀಪ್ ಬರಲ್ವಾ?"

"ಇಲ್ಲ. ಕಾವಿಗೆ ಒಳಗೇ ಸುಟ್ಟುಹೋಗಿದೆ, ಹೊಸ ಪಾರ್ಟು ಬೇಕು."

"ಹಾಗಾದರೆ ಅತ್ತೆ ಏಳೋದಿಲ್ಲ. ನಡುವೆ ಮಾತಾಡಿಸಿದರೂ ತಪ್ಪು. ಹೋದ ಸಲ ಹೀಗಾದಾಗ ಮಗ ಬಂದು ಕಾಲಿಗೆ ಬೀಳೋವರೆಗೂ ಕೂತಿದ್ದರು."

ಅಜ್ಜಿ ಏಳದಿದ್ದರೆ ಸಹಿಯಿಲ್ಲ, ಸಹಿಯಿಲ್ಲದಿದ್ದರೆ ಗದಗ. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು. ಕೈಗಡಿಯಾರ ನೋಡುತ್ತ ಓವನ್ನಿನ ಪಕ್ಕ ನೆಲದ ಮೇಲೆ ಕೂತೆ. ಸರಿಯಾಗಿ ನಲವತ್ತೆಂಟನೆಯ ನಿಮಿಷಕ್ಕೆ ಗಂಟಲು ಸರಿಮಾಡಿಕೊಂಡು, ಮೂಗಿನಿಂದ, "ಬೀಪ್, ಬೀಪ್, ಬೀಪ್" ಎಂದೆ.

ಅಜ್ಜಿ ಕಣ್ಣು ತೆರೆದರು. ಕೈಮುಗಿದು, ಕೊನೆಯ ಮಂತ್ರ ಹೇಳಿ ಮುಗಿಸಿ, ಎದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾರ್ಡು ಕಸಿದುಕೊಂಡು ಸಹಿ ಹಾಕಿದರು.

ಮರುದಿನ ಮ್ಯಾನೇಜರ್ ನನ್ನೆದುರಿಗೇ ಆ ಮನೆಗೆ ಫೋನು ಮಾಡಿ ವಿಚಾರಿಸಿದರು. ಅಜ್ಜಿಯ ದನಿ ಫೋನಿನಾಚೆಗೂ ಕೇಳುತ್ತಿತ್ತು: "ಅಂಕಿ ಕಾಣ್ತಿಲ್ಲ, ನೀರು ಕಾಯ್ತಿಲ್ಲ. ಆದರೆ ಬೀಪ್ ಮಾತ್ರ ಫಸ್ಟ್‌ಕ್ಲಾಸ್. ಓವನ್ ನೀವೇ ತಗೊಂಡು ಹೋಗಿ, ಆ ಹುಡುಗನ್ನ ದಿನಾ ನಾಲ್ಕಕ್ಕೆ ಕಳಿಸಿ."

ಮ್ಯಾನೇಜರ್ ಫೋನಿಟ್ಟು ರಿಜಿಸ್ಟರ್ ಮುಚ್ಚಿದರು.

"ನಿನ್ನ ಕೆಲಸ ಖಾಯಂ ಮಾಡ್ತೀನಿ. ಆದರೆ ಇನ್ನೊಂದು ಮನೇಲಿ ಹೀಗೆ ಕೂಗಬೇಡ. ಆಮೇಲೆ ನಮ್ಮ ಓವನ್ ಯಾರು ಕೊಳ್ತಾರೆ?"