ಉಸಿರು ಕಟ್ಟಿದ ಮನೆಗಾಡಿ

ವಾಹನ ಎಂದರೆ ಏನು ಮಹಾ? ನಾಲ್ಕು ಚಕ್ರ, ಒಂದು ಇಂಜಿನ್ನು, ಹೊಟ್ಟೆಗೆ ಒಂದಿಷ್ಟು ಪೆಟ್ರೋಲು. ಇದರಲ್ಲಿ ಅರ್ಥವಾಗದೇ ಇರುವಂಥದ್ದು ಏನಿದೆ ಎಂದುಕೊಂಡೇ ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಒಂದು ಹಳೆಯ ಸ್ಕೂಲ್ ವ್ಯಾನ್ ಕೊಂಡೆ. ಸೀಟುಗಳನ್ನು ಕೀಳಿಸಿ ಮಂಚ ಹಾಕಿಸಿದೆ. ಮೂಲೆಯಲ್ಲಿ ಒಂದು ಗ್ಯಾಸ್ ಒಲೆ ಬಂತು. ಕಿಟಕಿಗಳಿಗೆ ನನ್ನ ಹೆಂಡತಿ ಗಿರಿಜಳ ಹಳೇ ಸೀರೆಯ ಪರದೆ. ಮೊಬೈಲಿನಲ್ಲಿ ಎಷ್ಟೋ ವಿಡಿಯೋ ನೋಡಿ ತಯಾರಿಸಿದ ಈ ಸಂಚಾರಿ ಅರಮನೆಗೆ 'ಮನೆಗಾಡಿ' ಎಂದು ಹೆಸರನ್ನೂ ಇಟ್ಟೆ. ದೇಶವನ್ನೆಲ್ಲ ಇದರಲ್ಲೇ ಸುತ್ತುವುದು ಎಂದು ನಿರ್ಧರಿಸಿದೆ. ದೇಶ ನಾವಿರುವ ತುಮಕೂರಿನಿಂದಲೇ ಶುರುವಾಗುತ್ತದಲ್ಲ!

ಆಯುಧಪೂಜೆ ಬಂತು. ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು ಸಾಂಗವಾಗಿ ಪೂಜೆ ಮಾಡಿದೆ. ಎಲ್ಲರೂ ಸ್ಟೇರಿಂಗಿಗೂ ಬಾನೆಟ್ಟಿಗೂ ಕುಂಕುಮ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ನಾನು ಹಾಗಲ್ಲ. ಪೆಟ್ರೋಲ್ ಟ್ಯಾಂಕ್ ಗಾಡಿಯ ಹೊಟ್ಟೆ, ಹೊಟ್ಟೆ ಚೆನ್ನಾಗಿದ್ದರೆ ಎಲ್ಲವೂ ಚೆನ್ನ ಎಂದು ಟ್ಯಾಂಕಿನ ಮುಚ್ಚಳಕ್ಕೆ ಗಂಧ, ಅರಿಶಿನ ಕಲಸಿ ದಪ್ಪಗೆ ಹಚ್ಚಿ, ಮೇಲೆ ಕುಂಕುಮ ಇಟ್ಟೆ.

ಅದಾದ ಮೇಲೆ ಗಾಡಿ ನಿಲ್ಲತೊಡಗಿತು.

ಮನೆಯಿಂದ ಹೊರಟಾಗ ಕುದುರೆ. ಒಂದಷ್ಟು ದೂರ ಹೋಗುತ್ತಿದ್ದಂತೆ ಕೆಮ್ಮು, ಏದುಸಿರು, ಆಮೇಲೆ ಮೌನ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಯೇ ಇಲ್ಲ ಎಂಬಂತೆ ಮತ್ತೆ ಸ್ಟಾರ್ಟ್! ಗ್ಯಾರೇಜಿಗೆ ಒಯ್ದರೆ ಅಲ್ಲಿ ಒಂದು ಸುತ್ತು ಹೊಡೆದು, "ಚೆನ್ನಾಗೇ ಐತಲ್ಲ ಸಾರ್" ಎನ್ನುತ್ತಿದ್ದರು. ನನ್ನ ಒತ್ತಾಯಕ್ಕೆ ಫಿಲ್ಟರ್ ಬದಲಾಯಿಸಿದರು. ನಿಂತಿತು. ಕಾರ್ಬುರೇಟರ್ ಬಿಚ್ಚಿ ತೊಳೆದರು. ನಿಂತಿತು. ಪೆಟ್ರೋಲ್ ಪಂಪು ಹೊಸದು ಹಾಕಿದರು. ಇನ್ನೂ ಗಾಂಭೀರ್ಯದಿಂದ ನಿಂತಿತು. ಪೂಜೆಯ ಬಲ ಸಾಲದೇನೋ ಎಂದು ನಾನು ಗ್ಯಾರೇಜಿನಿಂದ ಬಂದಾಗಲೆಲ್ಲ ಮುಚ್ಚಳಕ್ಕೆ ಮತ್ತೊಂದು ಪದರ ಗಂಧ ಬಳಿಯುತ್ತಿದ್ದೆ.

ಗಿರಿಜ ಕೊನೆಗೆ ತೀರ್ಪು ಕೊಟ್ಟಳು. "ನೋಡ್ರೀ, ಭಾನುವಾರ ನನ್ನ ತಮ್ಮ ಊಟಕ್ಕೆ ಕರೆದವ್ನೆ. ಎಲ್ಲೂ ನಿಲ್ಲದಂಗೆ ನನ್ನ ತವರಿಗೆ ಮುಟ್ಟಿಸಿದ್ರೆ ಗಾಡಿ ಇರ್ಲಿ. ದಾರೀಲಿ ಒಂದು ಸಲ ನಿಂತ್ರೂ ಇದು ನಮ್ಮನೆ ಗೇಟಿಗೆ ವಾಪಸ್ ಬರ್ಬಾರ್ದು."

ಅವಳ ತವರು ಹುತ್ರಿದುರ್ಗದ ಬೆಟ್ಟದ ಕೆಳಗೆ. ಗೂಳೂರು, ನಾಗವಲ್ಲಿ, ಹೆಬ್ಬೂರು, ಕುಣಿಗಲ್, ಅಲ್ಲಿಂದಾಚೆ ಇನ್ನೊಂದಿಷ್ಟು. ನಿವೃತ್ತಿಯಾದ ಮೇಲೆ ಬೆಳಿಗ್ಗೆ ಎದ್ದೇಳಲು ನನಗಿದ್ದ ಒಂದೇ ಕಾರಣ ಆ ಗಾಡಿ. ಅದೂ ಹೋದರೆ ಉಳಿಯುವುದು ಪೇಪರು ಮತ್ತು ಪಾರ್ಕು. ಆದರೂ ಮೀಸೆಯ ಮೇಲೆ ಕೈ ಹಾಕಿ, "ಆಗ್ಲಿ ಕಣೇ!" ಎಂದೆ.

ಭಾನುವಾರ ಬೆಳಿಗ್ಗೆ ಟ್ಯಾಂಕ್ ತುಂಬಿಸಿ ಹೊರಟೆವು. ಗೂಳೂರು ದಾಟುವಾಗ ನಾನು ಹಾಡು ಗುನುಗುತ್ತಿದ್ದೆ. ಪಲ್ಲವಿ ಮುಗಿದು ಚರಣಕ್ಕೆ ಬರುವಷ್ಟರಲ್ಲಿ ಗಾಡಿ ಕೆಮ್ಮಿತು. ನಿಂತಿತು.

ಗಿರಿಜ ಒಂದು ಬೆರಳು ಮಡಚಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಇದು ಗಾಡೀದಲ್ಲ ಕಣೇ, ಪೆಟ್ರೋಲಲ್ಲಿ ಕಲಬೆರಕೆ" ಎಂದು ನಾನು ಘೋಷಿಸಿದೆ. ಸ್ವಲ್ಪ ಹೊತ್ತಿಗೆ ಸ್ಟಾರ್ಟ್ ಆಯಿತು. "ಇದನ್ನ ಲೆಕ್ಕಕ್ಕೆ ಹಿಡೀಬೇಡ" ಎಂದು ಬೇಡಿಕೊಂಡೆ. "ಹಿಡಿದಾಯ್ತು" ಎಂದಳು.

ನಾಗವಲ್ಲಿಯಲ್ಲಿ ಮತ್ತೆ ನಿಂತಿತು. ಪೈಪಿನಲ್ಲಿ ಕಸ ಸೇರಿದೆ, ಊದಿದರೆ ಹೋಗುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದ್ದೆ. ಊದುವ ಬದಲು ಗಾಬರಿಯಲ್ಲಿ ಒಳಕ್ಕೆ ಎಳೆದುಬಿಟ್ಟೆ! ಬಾಯಿ ತುಂಬ ಪೆಟ್ರೋಲು. ಉಗಿದೆ, ನೀರು ಮುಕ್ಕಳಿಸಿದೆ, ಗ್ಯಾಸ್ ಒಲೆಯ ಪಕ್ಕದಲ್ಲಿದ್ದ ಕೋಡುಬಳೆ ತಿಂದೆ. ಕೋಡುಬಳೆಯೂ ಪೆಟ್ರೋಲ್ ರುಚಿಯದ್ದೇ.

ಅಷ್ಟರಲ್ಲಿ ಒಬ್ಬ ಯಜಮಾನರು ಬಂದು ಪರದೆ ಸರಿಸಿ ಒಳಗೆ ಇಣುಕಿದರು. ಒಲೆ ಕಂಡಿತು. "ಇಡ್ಲಿ ಎಷ್ಟೊತ್ಗೆ ರೆಡಿ ಆಯ್ತದೆ ಸಾಮಿ?" ಎಂದರು.

"ಇದು ಹೋಟ್ಲಲ್ಲ ಯಜಮಾನ್ರೇ, ಮನೆ."

ಅವರು ನನ್ನನ್ನೂ ಗಾಡಿಯನ್ನೂ ರಸ್ತೆಯ ಬದಿಯಲ್ಲಿ ಕೂತಿದ್ದ ಗಿರಿಜಳನ್ನೂ ನೋಡಿದರು. "ಅಯ್ಯೋ ಪಾಪ. ಬಾಡಿಗೆ ಮನೆಯಾದ್ರೂ ಸಿಗಲಿಲ್ವಾ ತಾಯಿ?" ಎಂದು ಅವಳನ್ನು ಕೇಳಿದರು.

ಗಿರಿಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೆಬ್ಬೂರು ದಾಟಿದ ಮೇಲೆ ಮೂರನೆಯ ಸಲ ನಿಂತಾಗ ನನಗೂ ಸಾಕಾಯಿತು. ನೆತ್ತಿಯ ಮೇಲೆ ಬಿಸಿಲು, ಹೊಟ್ಟೆಯಲ್ಲಿ ಪೆಟ್ರೋಲ್ ತೇಗು. ಅಲ್ಲಿ ತವರಿನಲ್ಲಿ ನಾಟಿಕೋಳಿ ಸಾರು ಆರುತ್ತಿತ್ತು. ಚಕ್ರಕ್ಕೆ ಒರಗಿ ಕೂತೆ. ಇಷ್ಟು ದಿನ ಆಸೆಪಟ್ಟು ಮಾಡಿದ್ದೆಲ್ಲ ಹೀಗೆ ರಸ್ತೆಬದಿಯ ಪಾಲಾಯಿತಲ್ಲ ಎಂದು ನಿಜವಾಗಿಯೂ ದುಃಖ ಒತ್ತರಿಸಿ ಬಂತು.

ಭಾಮೈದ ರಂಗಸ್ವಾಮಿ ಫೋನ್ ಮಾಡಿದ. "ಎಲ್ಲಿದೀರಾ ಭಾವ? ಮುದ್ದೆ ಕಟ್ಟೋಕೆ ಕಾಯ್ತಾ ಅವ್ರೆ."

"ಗಾಡಿ ನಿಂತದೆ ಕಣೋ."

"ಪೆಟ್ರೋಲ್ ಐತಾ ನೋಡಿದ್ರಾ?"

ನನಗೆ ಮೈ ಉರಿಯಿತು. ಇಂಜಿನ್ ಶಾಸ್ತ್ರವನ್ನು ಇಷ್ಟು ಆಳವಾಗಿ ಅಧ್ಯಯನ ಮಾಡಿದವನಿಗೆ ಕೇಳುವ ಪ್ರಶ್ನೆಯೇ ಇದು? "ಟ್ಯಾಂಕ್ ತುಂಬ ಐತೆ, ಬೇಕಾದ್ರೆ ನಿಮ್ಮಕ್ಕನಿಗೇ ತೋರಿಸ್ತೀನಿ" ಎಂದು ಎದ್ದು ಹೋಗಿ ಮುಚ್ಚಳ ತಿರುವಿದೆ.

ಸ್ಸ್ಸ್ಸ್ಸ್!

"ಏನ್ರೀ ಅದು, ಗೋಲಿ ಸೋಡಾ ಒಡೆದಂಗೆ?" ಎಂದು ಗಿರಿಜ ಹತ್ತಿರ ಬಂದಳು.

ಮುಚ್ಚಳ ಹಾಕಿ ಕೀ ತಿರುವಿದೆ. ಗಾಡಿ ತಕ್ಷಣ ಸ್ಟಾರ್ಟ್! ಕಾಯಬೇಕಾಗಿಯೇ ಇರಲಿಲ್ಲ. ನನ್ನ ತಲೆಯಲ್ಲಿ ನಿಧಾನವಾಗಿ ಬೆಳಕು ಮೂಡಿತು. ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟೂ ಒಳಗೆ ಗಾಳಿ ಬರಬೇಕು. ಗಾಳಿ ಬರಲು ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರಬೇಕು. ಗಾಳಿ ಇಲ್ಲದೆ ಟ್ಯಾಂಕು ಪೆಟ್ರೋಲನ್ನು ಹಿಡಿದಿಟ್ಟುಕೊಂಡು ಇಂಜಿನ್ನನ್ನು ಉಪವಾಸ ಕೆಡವುತ್ತಿತ್ತು. ಮುಚ್ಚಳವನ್ನು ಮತ್ತೆ ಬಿಚ್ಚಿ ನೋಡಿದೆ. ತೂತು ಎಲ್ಲಿ? ಗಂಧ. ಅದರ ಕೆಳಗೆ ಗಂಧ. ಅದರ ಕೆಳಗೆ ಇನ್ನೂ ಗಟ್ಟಿ ಗಂಧ. ಒಣಗಿ ಸಿಮೆಂಟಾಗಿತ್ತು.

ಇಷ್ಟು ದಿನ ನಾನು ಭಕ್ತಿಯಿಂದ ಗಾಡಿಯ ಕತ್ತು ಹಿಸುಕುತ್ತಿದ್ದೆ!

ಗಿರಿಜ ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟಳು. ರಸ್ತೆಬದಿಯಲ್ಲಿ ಕೂತು ಕಿವಿ ಗುಗ್ಗೆ ತೆಗೆಯುವಂತೆ ತೂತನ್ನು ಕೆದಕಿದೆ. ಅರಿಶಿನದ ಪುಡಿ ಗಾಳಿಗೆ ಹಾರಿ ನನ್ನ ಹಣೆಗೇ ಅಂಟಿತು.

ಅಲ್ಲಿಂದಾಚೆ ಗಾಡಿ ಹಾರಿತು. ಕುಣಿಗಲ್ ಕೆರೆ ಏರಿ ಕಂಡದ್ದೂ ಗೊತ್ತಾಗಲಿಲ್ಲ, ದಾಟಿದ್ದೂ ಗೊತ್ತಾಗಲಿಲ್ಲ. ತವರಿನ ಅಂಗಳದಲ್ಲಿ ಬ್ರೇಕ್ ಹಾಕಿ, ಇಳಿಯುವ ಮೊದಲೇ ವಾದ ಮಂಡಿಸಿದೆ. "ನೋಡು ಗಿರಿಜ, ಧರ್ಮವಾಗಿ ಹೇಳು. ಗಾಡೀದೇನೂ ತಪ್ಪಿಲ್ಲ. ತಪ್ಪೆಲ್ಲ ನಂದು."

"ಅದನ್ನೇ ನಾನೂ ಹೇಳ್ತಿರೋದು" ಎಂದಳು ಅವಳು. "ಗಾಡಿ ಒಳ್ಳೇದು ಕಣ್ರೀ. ಅದಕ್ಕೇ ನಿಮ್ಮ ಹತ್ರ ಇರೋದು ಬೇಡ. ಅದಾದ್ರೂ ಚೆನ್ನಾಗಿ ಬದುಕ್ಲಿ."

ಕೋಳಿ ಸಾರು ಬಡಿಸುವಾಗಲೇ ಗಾಡಿಯ ಹಸ್ತಾಂತರವೂ ಆಯಿತು. ರಂಗಸ್ವಾಮಿಗೆ ಎಳನೀರು ಸಾಗಿಸಲು ಒಂದು ಗಾಡಿ ಬೇಕೇ ಆಗಿತ್ತಂತೆ. ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಪೆಟ್ರೋಲ್ ಮಾತ್ರ ಮೇಲೆ ಬರುತ್ತಿತ್ತು.

ಸಂಜೆ ಬಸ್ಸಿಗೆ ಹೊರಟಾಗ ಭಾಮೈದ ಬಿಡಲಿಲ್ಲ. "ಬಸ್ಸ್ಯಾಕಕ್ಕ? ನಂ ಗಾಡಿ ಐತಲ್ಲ, ತುಮಕೂರ್ಗೆ ನಾನೇ ಬುಡ್ತೀನಿ" ಎಂದ. 'ನಂ ಗಾಡಿ' ಎಂಬ ಮಾತು ನನ್ನ ಎದೆಗೆ ನಾಟಿತು. ಅವನು ಸ್ಟೇರಿಂಗ್ ಹಿಡಿದ. ಪಕ್ಕದ ಸೀಟಿನಲ್ಲಿ ಗಿರಿಜ. ಹಿಂದೆ ನಾನೇ ಹಾಕಿಸಿದ ಮಂಚದ ಮೇಲೆ ಎಳನೀರಿನ ರಾಶಿ, ರಾಶಿಯ ಪಕ್ಕದಲ್ಲಿ ನಾನು.

ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಕುಣಿಗಲ್ ದಾಟಿತು. ಹೆಬ್ಬೂರು ದಾಟಿತು. ದುಃಖ ತಡೆಯಲಾರದೆ ನಾನು ಒಂದಾದ ಮೇಲೊಂದು ಎಳನೀರು ಕುಡಿಯುತ್ತಲೇ ಬಂದಿದ್ದೆ. ನಾಗವಲ್ಲಿ ಹತ್ತಿರ ಅದರ ಫಲ ಕಾಣಿಸಿಕೊಂಡಿತು.

"ರಂಗಸ್ವಾಮಿ, ಒಂದು ನಿಮಿಷ ಗಾಡಿ ನಿಲ್ಲಿಸಪ್ಪ" ಎಂದು ಕೂಗಿದೆ.

ಮುಂದಿನಿಂದ ಉತ್ತರ ಬಂತು. "ಸುಮ್ನಿರಿ ಭಾವ! ಎಷ್ಟ್ ಚೆನ್ನಾಗ್ ಓಡ್ತಾ ಐತೆ. ಈಗ ನಿಲ್ಸುದ್ರೆ ಮತ್ತೆ ಹೊರಡ್ತದೋ ಇಲ್ವೋ, ತುಮಕೂರ್ಗಂಟ ತಡ್ಕಳಿ!"